ಸೀಲ್ ಬಿದ್ದ ಮೇಲೆ

ಲಹರಿ ಮತ್ತು ಸಿದ್ದಲಿಂಗಮ್ಮ ಕಂಟೇನರಿನೊಳಗೆ ಹೋದದ್ದು ಒಂದು ಸಣ್ಣ ಕೆಲಸಕ್ಕೆ. ಹೆಬ್ಬಾಳು ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯಿಂದ ಅಂದು ಶಾರ್ಜಾಕ್ಕೆ ಫ್ರೋಜನ್ ನುಗ್ಗೆಕಾಯಿ, ತೆಂಗಿನ ತುರಿ, ಬಾಳೆಹೂವು ಹೊರಡುವುದಿತ್ತು. ಲಾರಿಯ ಮೇಲೆ ಕೂತ ಆ ಉದ್ದನೆಯ ಫ್ರೀಜರ್ ಪೆಟ್ಟಿಗೆ ಮರುದಿನ ಕೊಚ್ಚಿ ಬಂದರು ಸೇರಿ ಹಡಗು ಹತ್ತಬೇಕಿತ್ತು. ಸರಕನ್ನು ಪರೀಕ್ಷಿಸಿ ಒಪ್ಪುವುದು ಲಹರಿಯ ಕೆಲಸ. ಪ್ಯಾಕಿಂಗ್ ಹೆಂಗಸರ ಮೇಲ್ವಿಚಾರಣೆ ಸಿದ್ದಲಿಂಗಮ್ಮನದು.

ಅವರಿಬ್ಬರಿಗೂ ಬೆಳಿಗ್ಗೆಯಿಂದ ಮಾತಿರಲಿಲ್ಲ. ಸಿದ್ದಲಿಂಗಮ್ಮನ ಟೇಬಲ್ಲಿನಿಂದ ಬಂದ ಒಂದು ಬ್ಯಾಚ್ ತೆಂಗಿನ ತುರಿಯನ್ನು ಲಹರಿ ಎಲ್ಲರೆದುರೇ ವಾಪಸ್ ಕಳಿಸಿದ್ದಳು. ಲೋಡಿಂಗ್ ಮುಗಿದು, ಲಾರಿ ಪ್ಲಾಟ್‌ಫಾರಂ ಬಿಟ್ಟು ಮುಂದೆ ಬಂದಾಗಲೇ ಲಹರಿಗೆ ನೆನಪಾಯಿತು: ದಾರಿಯುದ್ದಕ್ಕೂ ಒಳಗಿನ ತಾಪಮಾನ ದಾಖಲಿಸುವ ಪುಟ್ಟ ಯಂತ್ರವನ್ನು ಅಂಟಿಸಿಯೇ ಇಲ್ಲ. ಕೊನೆಯ ಸಾಲಿನ ಪೆಟ್ಟಿಗೆಗಳ ಹಿಂದೆ, ಪಕ್ಕದ ಗೋಡೆಗೆ ಅದನ್ನು ಅಂಟಿಸಬೇಕು. ಪೆಟ್ಟಿಗೆಗಳು ಬೀಳದಂತೆ ಹಿಡಿಯಲು ಒಬ್ಬರು ಬೇಕಿತ್ತು. ಹತ್ತಿರವಿದ್ದವಳು ಸಿದ್ದಲಿಂಗಮ್ಮ. ದಿನದ ಕೆಲಸ ಮುಗಿಯಿತೆಂದು ಅವಳು ಚಳಿ ಕೋಟನ್ನು ಆಗಲೇ ಬಿಚ್ಚಿಟ್ಟಿದ್ದಳು.

ಇಬ್ಬರೂ ಪೆಟ್ಟಿಗೆಗಳ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋದರು. ಅಷ್ಟರಲ್ಲಿ ಹೊರಗೆ ಮಳೆ ಶುರುವಾಯಿತು. ಲೋಡಿಂಗ್ ನೋಡಿಕೊಳ್ಳುವ ಪ್ರೇಮ್‌ಕುಮಾರ್ ಫೋನಿನಲ್ಲಿ ಮಾತಾಡುತ್ತಲೇ ಓಡಿ ಬಂದು ಒಂದು ಬಾಗಿಲು ನೂಕಿದ. ಬೆಳಕು ಅರ್ಧವಾಯಿತು. "ಪ್ರೇಮ್, ನಿಲ್ರೀ!" ಎಂದು ಲಹರಿ ಕೂಗುವಷ್ಟರಲ್ಲಿ ಎರಡನೆಯದೂ ಬಿತ್ತು. ಹೊರಗೆ ಕಬ್ಬಿಣದ ಸರಳುಗಳು ಕಟಕಟನೆ ಕೂತವು. ಮುಂಭಾಗದಲ್ಲಿದ್ದ ಫ್ಯಾನುಗಳು ದೊಡ್ಡ ಸದ್ದಿನೊಂದಿಗೆ ತಿರುಗತೊಡಗಿದವು.

ಕತ್ತಲಲ್ಲಿ ಇಬ್ಬರೂ ಬಾಗಿಲು ಬಡಿದರು, ಒದ್ದರು, ಕೂಗಿದರು. ಗೋಡೆಗಳು ಗೇಣುದ್ದ ದಪ್ಪ. ತಂಪು ಹೊರಹೋಗದಂತೆ ಅವುಗಳೊಳಗೆ ತುಂಬಿದ ಫೋಮ್ ಸದ್ದನ್ನೂ ನುಂಗುತ್ತಿತ್ತು. ಲಾರಿ ಒಮ್ಮೆ ಜಗ್ಗಿ ಹೊರಟಿತು.

"ಅಯ್ಯೋ, ಬಾಗ್ಲು ಹಾಕ್ಬುಟ್ರು ಕಣಮ್ಮ! ಫೋನ್ ಮಾಡಿ, ಬೇಗ ಫೋನ್ ಮಾಡಿ!" ಎಂದಳು ಸಿದ್ದಲಿಂಗಮ್ಮ.

"ಲಾಕರ್‌ನಲ್ಲಿದೆ. ಒಳಗೆ ತರೋ ಹಾಗಿಲ್ವಲ್ಲ. ನಿಮ್ದು?"

"ನಂದೂ ಅಲ್ಲೇ."

ಲಹರಿಯ ಕೈಯಲ್ಲಿದ್ದದ್ದು ಪೆಟ್ಟಿಗೆಗಳೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ಮಾತ್ರ. ಗುಂಡಿ ಒತ್ತಿದರೆ ಹಸಿರು ಬೆಳಕಿನ ಪುಟ್ಟ ಅಂಕಿ. ಸೊನ್ನೆಗಿಂತ ಹದಿನೇಳು ಕೆಳಗೆ. ಅದನ್ನು ನೋಡಿ ಅವಳು ತಟ್ಟನೆ ಆರಿಸಿದಳು.

ಕಾರ್ಖಾನೆಯಲ್ಲಿ ಯಾರೂ ತಮ್ಮನ್ನು ಹುಡುಕುವುದಿಲ್ಲವೆಂದು ಅವಳಿಗೆ ಹೊಳೆಯಿತು. ಪಾಳಿ ಮುಗಿದಿತ್ತು, ಮನೆಗೆ ಹೋದರೆಂದುಕೊಳ್ಳುತ್ತಾರೆ. ಸಿದ್ಧಾರ್ಥನಗರದ ಮನೆಯಲ್ಲಿ ಅಪ್ಪ ಸಂಸ್ಕೃತ ಪಾಠ ಮುಗಿಸಿ ಅವಳಿಗಾಗಿ ಕಾಯುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ, ಲಾಕರಿನಲ್ಲಿ ಅದು ಬಡಿದುಕೊಳ್ಳುತ್ತದೆ. ಬಾಗಿಲಿಗೆ ಈಗಾಗಲೇ ಸೀಲ್ ಬಿದ್ದಿರುತ್ತದೆ. ಇನ್ನು ಯಾರೂ ಅದನ್ನು ಸುಮ್ಮನೆ ತೆಗೆಯುವುದಿಲ್ಲ.

"ಎಲ್ಲಿ ತೆಗೀತಾರಮ್ಮ ಇದನ್ನ?" ಸಿದ್ದಲಿಂಗಮ್ಮ ಕೇಳಿದಳು. "ಕೊಚ್ಚೀಲಾ?"

ಲಹರಿ ಮತ್ತೆ ಬಾಗಿಲು ಬಡಿದಳು.

"ಹೇಳಿ. ಎಲ್ಲಿ?"

"ಶಾರ್ಜಾದಲ್ಲಿ."

ಸಿದ್ದಲಿಂಗಮ್ಮ ಕೂಗಿ ಅಳತೊಡಗಿದಳು. ಲಹರಿ ತನ್ನ ಕೋಟು ಬಿಚ್ಚಿ ಕೊಡಲು ಹೋದರೆ ಅವಳು ತಳ್ಳಿದಳು. "ನೀವು ಸಣಕಲು, ಸತ್ತೋಗ್ತೀರ." ಕೊನೆಗೆ ಒಂದು ತೋಳು ಒಬ್ಬರಿಗೆ, ಇನ್ನೊಂದು ತೋಳು ಇನ್ನೊಬ್ಬರಿಗೆ ಎಂದು ಒಂದೇ ಕೋಟಿನೊಳಗೆ ಅಂಟಿ ನಿಂತರು. ರಟ್ಟಿನ ಪೆಟ್ಟಿಗೆಗಳನ್ನು ಹರಿದು, ತುರಿಯ ಪೊಟ್ಟಣಗಳನ್ನು ದೂರ ಎಸೆದು, ರಟ್ಟನ್ನು ಕಾಲಡಿ ಹಾಸಿಕೊಂಡರು. ನೆಲದ ಲೋಹದ ಪಟ್ಟಿಗಳು ಬರಿಗೈಗೆ ಅಂಟುತ್ತಿದ್ದವು. ಸಿದ್ದಲಿಂಗಮ್ಮನ ಹಲ್ಲುಗಳು ಕಿವಿಯ ಪಕ್ಕದಲ್ಲೇ ಕಟಕಟ ಎನ್ನುತ್ತಿದ್ದವು. ಆಮೇಲೆ ಆ ಸದ್ದೂ ಕಡಿಮೆಯಾಯಿತು. ಲಹರಿಗೆ ಅದರಿಂದಲೇ ಹೆಚ್ಚು ಭಯವಾಯಿತು.

"ಮಾತಾಡಿ, ಸಿದ್ದಲಿಂಗಮ್ನೋರೆ. ಬೈಯಿರಿ. ಬೆಳಿಗ್ಗೆ ಬೈಬೇಕು ಅಂತಿದ್ರಲ್ಲ."

"ಬೈಯಕ್ಕೂ ಆಗ್ತಿಲ್ಲ ಕಣಮ್ಮ. ನಿದ್ದೆ ಬತ್ತೈತೆ."

ನಿದ್ದೆ ಎಂದದ್ದೇ ಲಹರಿ ಅವಳ ಕೆನ್ನೆಗೆ ಹೊಡೆದಳು. ನಂತರ ಗೋಡೆ, ಬಾಗಿಲು, ನೆಲ ಎಲ್ಲವನ್ನೂ ಮನಸ್ಸಿನಲ್ಲೇ ತಡಕಿದಳು. ಖಾಲಿ ಕಂಟೇನರ್ ಬಂದಾಗ ಸ್ವಚ್ಛವಾಗಿದೆಯೇ ಎಂದು ನೋಡಿದವಳು ಅವಳೇ. ತೊಳೆದ ನೀರು ಹೋಗಲು ನೆಲದ ಮೂಲೆಗಳಲ್ಲಿ ತೂತುಗಳಿದ್ದವು. ಹೊರಗಿನ ಗಾಳಿ ಬರದಂತೆ ಅವುಗಳ ಕೆಳಗೆ ರಬ್ಬರಿನ ಮುಚ್ಚಳ. ರಬ್ಬರ್ ಹೊರಕ್ಕೆ ಬಾಗುತ್ತದೆ, ಒಳಕ್ಕಲ್ಲ.

"ನಿಮ್ಮ ಸೀರೆ ಹರೀಬೇಕು," ಎಂದಳು.

ಏನು, ಯಾಕೆ ಎಂದು ಸಿದ್ದಲಿಂಗಮ್ಮ ಕೇಳಲಿಲ್ಲ. ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಉದ್ದನೆಯ ನೀಲಿ ಪಟ್ಟಿ. ಲಹರಿ ಬಾಗಿಲ ಪಕ್ಕದ ಮೂಲೆಯಲ್ಲಿ ಮಂಡಿಯೂರಿ, ತೂತು ತಡಕಿ, ಥರ್ಮಾಮೀಟರಿನ ಉಕ್ಕಿನ ಕಡ್ಡಿಯಿಂದ ಬಟ್ಟೆಯನ್ನು ಒಳಗೆ ನೂಕಿದಳು. ಬೆರಳುಗಳಿಗೆ ಜೀವವಿರಲಿಲ್ಲ, ಕಡ್ಡಿ ಎರಡು ಸಲ ಜಾರಿ ಬಿತ್ತು. ಕೊನೆಗೆ ರಬ್ಬರ್ ಬಾಗಿತು. ಬಟ್ಟೆ ಸರಸರನೆ ಕೆಳಗಿಳಿಯಿತು. ಗಾಳಿಗೆ ತುದಿ ಬಡಿದಾಡುವುದು ಕೈಗೆ ತಿಳಿಯಿತು.

ಬರೀ ಬಟ್ಟೆ ನೇತಾಡಿದರೆ ಯಾರು ನೋಡುತ್ತಾರೆ? ಅವಳು ಅದನ್ನು ಎಳೆದಳು, ಬಿಟ್ಟಳು, ಎಳೆದಳು, ಬಿಟ್ಟಳು. ಅವಳು ಸೋತಾಗ ಸಿದ್ದಲಿಂಗಮ್ಮ ಹಿಡಿದಳು. ಲಾರಿ ತಿರುವುಗಳಲ್ಲಿ ವಾಲಿತು, ಉಬ್ಬುಗಳಲ್ಲಿ ಕುಪ್ಪಳಿಸಿತು. ಆಮೇಲೆ ನಿಂತಿತು.

ಲಹರಿ ಎಳೆದು ಬಿಟ್ಟಳು. ಮತ್ತೆ ಎಳೆದಳು. ಆಗ ಹೊರಗಿನಿಂದ ಯಾರೋ ಬಟ್ಟೆಯನ್ನು ಜಗ್ಗಿದರು.

ಅವಳು ಜೋರಾಗಿ ವಾಪಸ್ ಜಗ್ಗಿದಳು. ಹೊರಗಿನವರು ಮತ್ತೆ ಜಗ್ಗಿದರು. "ಯಾರೋ ಇದಾರೆ!" ಎಂದು ಸಿದ್ದಲಿಂಗಮ್ಮನ ಭುಜ ಅಲುಗಿಸಿದಳು.

ಆದರೆ ಬಾಗಿಲು ತೆರೆಯಲಿಲ್ಲ. ಕಾದರು, ಮತ್ತೂ ಕಾದರು. "ಹೋಗ್ಬುಟ್ರಾ?" ಎಂದು ಸಿದ್ದಲಿಂಗಮ್ಮ ತೊದಲಿದಳು. ಆ ಹೊತ್ತೇ ಅತ್ಯಂತ ಕೆಟ್ಟದ್ದಾಗಿತ್ತು ಎಂದು ಲಹರಿ ಆಮೇಲೆ ಹೇಳುತ್ತಿದ್ದಳು. ಹೊರಗೆ ಜನರಿದ್ದಾರೆ, ಅವರಿಗೆ ಗೊತ್ತಾಗಿದೆ, ಆದರೂ ಕತ್ತಲು ಹಾಗೆಯೇ ಇದೆ.

ಹೊರಗೆ ನಡೆದದ್ದು ಅವರಿಗೆ ತಿಳಿದದ್ದು ಆಸ್ಪತ್ರೆಯಲ್ಲಿ. ನಂಜನಗೂಡು ರಸ್ತೆ ಸೇರುವಲ್ಲಿ ಡ್ರೈವರ್ ಬಸವರಾಜು ಟೀ ಕುಡಿಯಲು ನಿಲ್ಲಿಸಿದ್ದ. ಟೀ ಗಾಡಿಯ ಪುಟ್ಟಬಸಮ್ಮ ಲಾರಿಯ ಕೆಳಗೆ ನೀಲಿ ಬಟ್ಟೆ ಮೇಲೆ ಕೆಳಗೆ ಆಡುವುದನ್ನು ಕಂಡಳು. ಗಾಳಿ ನಿಂತಿತ್ತು, ಬಟ್ಟೆ ಮಾತ್ರ ಆಡುತ್ತಿತ್ತು. ಅವಳ ಒತ್ತಾಯಕ್ಕೆ ಬಸವರಾಜು ಬಗ್ಗಿ ಜಗ್ಗಿ ನೋಡಿದ; ಅದು ವಾಪಸ್ ಜಗ್ಗಿದಾಗ ಹೌಹಾರಿ ಪ್ರೇಮ್‌ಕುಮಾರನಿಗೆ ಫೋನ್ ಮಾಡಿದ. ಅವನು, "ಯಾವುದೋ ಬಟ್ಟೆ ಸಿಕ್ಕಾಕೊಂಡಿರುತ್ತೆ. ಸೀಲ್ ಮುಟ್ಬೇಡ. ಒಡೆದ್ರೆ ಬಂದರಲ್ಲಿ ಒಳಕ್ಕೆ ಬಿಡಲ್ಲ, ಹಡಗು ತಪ್ಪುತ್ತೆ," ಎಂದ. ಬಸವರಾಜು ಫೋನ್ ಹಿಡಿದು ಸೀಲನ್ನೇ ನೋಡುತ್ತ ನಿಂತ.

"ನಿನ್ ಹಡಗು ಹಾಳಾಗೋಗ್ಲಿ! ಒಳಗೆ ಉಸ್ರಾಡೋರು ಅವ್ರೆ ಕಣಯ್ಯ!" ಎಂದು ಪುಟ್ಟಬಸಮ್ಮ ಬೀದಿಯವರೆಲ್ಲ ಸೇರುವಂತೆ ಕೂಗಿದಳು. ಪಕ್ಕದ ಪಂಕ್ಚರ್ ಅಂಗಡಿಯಿಂದ ದೊಡ್ಡ ಕಟಿಂಗ್ ಪ್ಲೇಯರ್ ಬಂತು. ಸೀಲ್ ತುಂಡರಿಸಿದ್ದು ಬಸವರಾಜುವೇ.

ಬಾಗಿಲು ತೆರೆದಾಗ ಲಹರಿಗೆ ಮೊದಲು ಕಂಡದ್ದು ಮಳೆ ನಿಂತ ಆಕಾಶ, ದೂರದಲ್ಲಿ ಬೆಟ್ಟದ ದೀಪಗಳು. ಇಳಿಯಲು ಕಾಲು ಬರಲಿಲ್ಲ. ಪುಟ್ಟಬಸಮ್ಮ ಇಬ್ಬರನ್ನೂ ಗಾಡಿಯ ಸ್ಟೋವಿನ ಪಕ್ಕ ಕೂರಿಸಿ, ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡಳು.

ಸಿದ್ದಲಿಂಗಮ್ಮನ ಎಡಗಾಲಿನ ಎರಡು ಬೆರಳುಗಳಿಗೆ ಸ್ಪರ್ಶ ಮರಳಲಿಲ್ಲ. ಲಹರಿ ಬಹಳ ದಿನ ಸ್ನಾನದ ಮನೆಯ ಬಾಗಿಲಿಗೆ ಚಿಲಕ ಹಾಕದೆ ಅಪ್ಪನನ್ನು ಹೊರಗೆ ನಿಲ್ಲಿಸುತ್ತಿದ್ದಳು. ಪ್ರೇಮ್‌ಕುಮಾರ್ ಆಸ್ಪತ್ರೆಗೆ ಬಂದ. ತಲೆಯೆತ್ತದೆ, "ಒಳಗೆ ಹೋಗ್ತೀವಿ ಅಂತ ನೀವು ಒಂದು ಮಾತು ಹೇಳ್ಬೇಕಿತ್ತು," ಎಂದ. "ನೀವು ಒಂದ್ಸಲ ಇಣುಕಿ ನೋಡ್ಬೇಕಿತ್ತು," ಎಂದಳು ಸಿದ್ದಲಿಂಗಮ್ಮ. ಅವನು ತಂದ ಹಣ್ಣುಗಳನ್ನು ಅವಳು ಮುಟ್ಟಲಿಲ್ಲ. ಸ್ವಲ್ಪ ದಿನಕ್ಕೆ ಅವನನ್ನು ಬೇರೆ ಕೆಲಸಕ್ಕೆ ಹಾಕಿದರು.

ಇಬ್ಬರೂ ಕೆಲಸಕ್ಕೆ ಮರಳಿದರು. ಅದನ್ನು ಬಿಟ್ಟರೆ ಬೇರೆ ದಾರಿ ಇಬ್ಬರಿಗೂ ಇರಲಿಲ್ಲ. ಮುಂದಿನ ಕಂಟೇನರ್ ಬಂದು ನಿಂತ ದಿನ ಲಹರಿ ತಾಪಮಾನ ದಾಖಲಿಸುವ ಯಂತ್ರ ಹಿಡಿದು ಬಾಗಿಲವರೆಗೆ ಹೋದಳು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆದದ್ದೇ ಹಿಂದೆ ಸರಿದಳು.

ಸಿದ್ದಲಿಂಗಮ್ಮ ಕುಂಟುತ್ತ ಬಂದು ಅವಳ ಕೈಯಿಂದ ಯಂತ್ರ ತೆಗೆದುಕೊಂಡಳು. "ಕೊಡಿ ಇಲ್ಲಿ. ನೀವು ಹೊರಗೇ ಇರಿ."

"ನಿಮಗೆ ಭಯ ಆಗಲ್ವಾ?"

"ಆಗ್ದೆ ಇರ್ತದಾ? ನೀವು ಬಾಗ್ಲು ಹಿಡ್ಕೊಂಡಿರಿ. ನಾನು ಬರಗಂಟ ಬುಡಬ್ಯಾಡಿ."

ಅವಳು ಪೆಟ್ಟಿಗೆಗಳ ಹಿಂದೆ ಮರೆಯಾದಳು. ಲಹರಿ ಬಾಗಿಲಿನ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಡ್ರೈವರ್ ಹಾರ್ನ್ ಹೊಡೆದ, ಯಾರೋ ಬೇಗ ಬೇಗ ಎಂದರು. ಸಿದ್ದಲಿಂಗಮ್ಮನ ಎರಡೂ ಕಾಲು ನೆಲ ಮುಟ್ಟುವವರೆಗೆ ಅವಳು ಕೈ ಬಿಡಲಿಲ್ಲ.