ಮೊದಲ ಬುಟ್ಟಿಗೆ ಹೊಡೆದ ಔಷಧಿ

ಸುಮ್ಮನೆ ಕೂರುವ ಜಾತಿಯಲ್ಲ ನನ್ನದು. ಗುಲಾಬಿ ಗಿಡಗಳಿಗೆ ಔಷಧಿ ಹೊಡೆಯುವ ಸ್ಪ್ರೇಯರು ನಾನು. ತಗಡಿನ ಶೆಡ್ಡೊಂದರಲ್ಲಿ ಕಾದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹಾಕಿ ನನ್ನ ಹೊಟ್ಟೆ ಮಾಡಿದರು, ಒಳಗೆ ಹಿತ್ತಾಳೆಯ ಪಂಪು ಕೂರಿಸಿದರು. ಮೊದಲ ಸಲ ಹಿಡಿ ಒತ್ತಿದಾಗಲೇ ತಿಳಿಯಿತು: ಒಳಗೆ ಒತ್ತಡ ತುಂಬಬೇಕು, ಹೊರಗೆ ಉಗಿಯಬೇಕು, ಬದುಕೆಂದರೆ ಇಷ್ಟೇ.

ಹೊಸಕೋಟೆಯ ಅಂಗಡಿಯಿಂದ ನನ್ನನ್ನು ಬೆನ್ನಿಗೇರಿಸಿಕೊಂಡು ಹೋದವನು ಪಿಳ್ಳಾಂಜಿನಪ್ಪ. ಅರ್ಧ ಎಕರೆ ಗುಲಾಬಿ, ಮೂಗಿನ ತುದಿಯಲ್ಲಿ ಕೋಪ. ಚಿಗುರಿನಲ್ಲಿ ರಸ ಹೀರುವ ಹೇನು ಕಂಡರೆ ಅವನ ಮೈಯೇ ಕಡಿಯುತ್ತಿತ್ತು. ಅಂಗಡಿಯವನು ಒಂದು ಮುಚ್ಚಳ ಔಷಧಿ ಸಾಕೆಂದರೆ ಇವನು ಎರಡು ಸುರಿಯುತ್ತಿದ್ದ. ಮೊದಲು ಸತ್ತದ್ದು ಹೇನನ್ನು ತಿನ್ನುವ ಗುಲಗಂಜಿ ಹುಳ. ಹೇನು ಮತ್ತೆ ಬಂತು, ಅದರ ಹಿಂದೆಯೇ ಮೊಗ್ಗಿನೊಳಗೆ ನುಸಿಯೂ ಬಂತು. ಅವನಿಗೂ ನೆಮ್ಮದಿಯಿಲ್ಲ, ನನಗೂ ಬಿಡುವಿಲ್ಲ. ಹೆಂಡತಿ ಸೊಣ್ಣಮ್ಮ ಮಾತ್ರ ಗಿಡದಡಿ ಮೊರ ಹಿಡಿದು ಕೊಂಬೆ ಬಡಿಯುತ್ತಿದ್ದಳು. ಉದುರಿದ ಹುಳವನ್ನು ಸೋಪಿನ ನೀರಿಗೆ ಕೊಡವುತ್ತಿದ್ದಳು. ನನಗೆ ನಗು ಬರುತ್ತಿತ್ತು.

ಊರಾಚೆ ಒಂದು ದರ್ಗಾ. ಅದರ ಉರುಸಿಗೆ ಮೊದಲ ಬುಟ್ಟಿ ಗುಲಾಬಿ ಪಿಳ್ಳಾಂಜಿನಪ್ಪನ ಅಪ್ಪನ ಕಾಲದಿಂದಲೂ ಈ ಮನೆಯದೇ. ಗೋರಿಗೆ ಮುಟ್ಟಿಸಿದ ಎಸಳನ್ನು ಬಂದವರೆಲ್ಲ ಕಣ್ಣಿಗೊತ್ತಿ ತಿನ್ನುತ್ತಾರೆ. ಮೊದಲ ಎಸಳು ಬುಟ್ಟಿ ತಂದವನ ಬಾಯಿಗೆ. ಆಮೇಲೇ ಉಳಿದವರಿಗೆ.

ಆ ವರ್ಷ ಉರುಸು ಹತ್ತಿರವಾದಾಗಲೇ ನುಸಿ ಮುತ್ತಿ ಎಸಳಿನ ಅಂಚೆಲ್ಲ ಕಂದಿತು. ಅರಳಲಿರುವ ಮೊಗ್ಗಾದರೂ ಉಳಿಯಲೆಂದು ಪಿಳ್ಳಾಂಜಿನಪ್ಪ ನನ್ನನ್ನು ತುಂಬಿಸಿದ. ಸೊಣ್ಣಮ್ಮ ನನ್ನ ಪಟ್ಟಿ ಹಿಡಿದುಕೊಂಡಳು.

"ನಾಳಿದ್ದು ಇದನ್ನ ಜನ ಬಾಯಿಗಾಕ್ಕೊಂತಾರೆ. ಬ್ಯಾಡ."

"ಕಂದಿದ ಹೂವ ಕೊಟ್ಟು ನಮ್ಮಪ್ಪನ ಮರ್ಯಾದೆ ಕಳೀಲಾ? ಒಂದೆಸಳು ತಿಂದು ಯಾವನೂ ಸತ್ತಿಲ್ಲ ಕಣೆ."

"ಹಂಗಾದ್ರೆ ಮೊದ್ಲು ಒಂದ್ ಮುಚ್ಚಳ ನೀನೇ ಕುಡ್ದು ಆಮ್ಯಾಕೆ ಹೊಡಿ."

ಅವಳು ಮೇವಿಗೆಂದು ಆಚೆ ಹೋದದ್ದೇ ತಡ, ಅವನು ಹೊಡೆದ. ನಾನೂ ಹುರುಪಿನಿಂದಲೇ ಉಗಿದೆ.

ಉರುಸಿನಲ್ಲಿ ನಾನಿರಲಿಲ್ಲ. ಸೊಣ್ಣಮ್ಮ ತಂಗಿಯ ಮುಂದೆ ಹೇಳಿ ಅತ್ತದ್ದನ್ನು ಕೇಳಿಸಿಕೊಂಡೆ. ಬುಟ್ಟಿ ನೋಡಿ ಜನ ಬೆರಗಾದರಂತೆ. ದರ್ಗಾ ನೋಡಿಕೊಳ್ಳುವ ಗಫಾರ್ ಸಾಹೇಬರು ಮೊದಲ ಎಸಳು ಕೊಟ್ಟರು. ಪಿಳ್ಳಾಂಜಿನಪ್ಪ ಕಣ್ಣಿಗೊತ್ತಿ ನುಂಗಿದ. ಎರಡನೆಯದನ್ನು ಅವರು ಪಕ್ಕದಲ್ಲೇ ನಿಂತಿದ್ದ ಅವನ ಮೊಮ್ಮಗಳ ಅಂಗೈಗಿಟ್ಟರು. ಮಗು ಬಾಯಿ ತೆರೆದಿತ್ತು. ತಾತ ಅದರ ಕೈಗೆ ಹೊಡೆದ. ಎಸಳು ನೆಲಕ್ಕೆ ಬಿತ್ತು, ಮಗು ಕಿರುಚಿಕೊಂಡಿತು, ಸುತ್ತಲಿನವರೆಲ್ಲ ತಿರುಗಿ ನೋಡಿದರು.

"ಔಷ್ದಿ ಹೊಡ್ದಿವ್ನಿ," ಎಂದನಂತೆ.

ಗಫಾರ್ ಸಾಹೇಬರು ದನಿ ಏರಿಸಲಿಲ್ಲ. "ನೀನು ತಿಂದಿದ್ದು ನೋಡಿ ತಾನೆ ನಾನು ಮಗೂಗೆ ಕೊಟ್ಟಿದ್ದು," ಎಂದರು.

ಬುಟ್ಟಿಯನ್ನು ಗುಂಡಿ ತೋಡಿ ಹೂಳಿದರು. ಮೊದಲ ಬುಟ್ಟಿಯ ಹಕ್ಕು ಬೇರೆ ಮನೆಗೆ ಹೋಯಿತು.

ಮನೆಗೆ ಬಂದವನೇ ನನ್ನನ್ನು ಒದ್ದ. ತಪ್ಪು ಅವನದು, ಒದೆ ನನಗೆ. ಆಮೇಲೆ ಸುಣ್ಣ ಹೊಡೆಯುವ ಮುನಿಶಾಮಿಗೆ ಕೊಟ್ಟುಬಿಟ್ಟ. ಕೊಟ್ಟಿಗೆ ಗೋಡೆ, ಕಾಂಪೌಂಡು ಎಂದು ಕೆಲಕಾಲ ತಿರುಗಿದೆ. ಸುಣ್ಣ ಗಂಟಲಲ್ಲಿ ಗಟ್ಟಿಯಾಯಿತು. ಈಗ ಅವನ ಬಚ್ಚಲ ಹಿಂದೆ ಬಿದ್ದಿದ್ದೇನೆ.

ಮೊನ್ನೆ ಮುನಿಶಾಮಿ ಈ ವರ್ಷದ ಉರುಸಿಗೆ ಹೋಗಿ ಬಂದು ಹೆಂಡತಿಗೆ ಹೇಳುತ್ತಿದ್ದ. ಸೊಣ್ಣಮ್ಮ ಕಂದಿದ ಅಂಚಿನ ಒಂದು ಬೊಗಸೆ ಹೂವು ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಳಂತೆ. ಸಾಹೇಬರು ಅದರಲ್ಲೊಂದು ಎಸಳನ್ನು ಅವಳ ಜೊತೆಗಿದ್ದ ಅದೇ ಮೊಮ್ಮಗಳಿಗೆ ಕೊಟ್ಟರಂತೆ. ಮಗು ತಿನ್ನಲಿಲ್ಲ. ಎಸಳು ಹಿಡಿದು ತಾತನ ಮುಖವನ್ನೇ ನೋಡುತ್ತ ನಿಂತಿತಂತೆ. ಪಿಳ್ಳಾಂಜಿನಪ್ಪ ಎಷ್ಟು ತಲೆಯಾಡಿಸಿದರೂ ಬಾಯಿ ತೆರೆಯಲಿಲ್ಲವಂತೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹುಳವನ್ನಾದರೆ ಎಷ್ಟು ಬೇಕಾದರೂ ಕೊಲ್ಲುತ್ತಿದ್ದೆ. ಆ ಮಗುವಿನ ಹೆದರಿಕೆಗೆ ಹೊಡೆಯುವ ಔಷಧಿ ನನ್ನಲ್ಲಿಲ್ಲ.