ತೊಗಲಿಗೆ ಬೇರೆ ಜಾಗ

ಮಗ್ಗ ನಿಂತವು, ಇಚಲಕರಂಜಿಗೆಲ್ಲ ಊಟದ ಹೊತ್ತು, ಈಗ ಕಿವಿ ಬಿಚ್ಚಿತು ನೋಡು ಕುಂಥುನಾಥ — ಸದ್ದು ಇಷ್ಟು ಅಡಗಿದರೇನೇ ಹಾರ್ಮೋನಿಯಂ ಪೇಟಿಯ ಎರಡು ಸ್ವರ ಕೂಡಿದವೋ ಇಲ್ಲವೋ ತಿಳಿಯುವುದು, ಅದಕ್ಕೇ ಸ್ವರ ಕೂಡಿಸುವ ಕೋಣೆ ಹಿಂದೆ, ಗಿರಾಕಿಗಳ ಜಾಗ ಮುಂದೆ, ಗೋಡೆ ಎಲ್ಲೆಲ್ಲಿ ಏಳಬೇಕು ಅಂತ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಮುಗಿಸಿ ಬೆಳಿಗ್ಗೆ ನನಗೆ ನಾನೇ ಶಾಭಾಸ್ ಕುಂಥುನಾಥ ಅಂದುಕೊಂಡೆ, ಮೂರ್ಖ. ಯುದ್ಧ ಶುರುವಾಗಿ ಪೇಟಿಗೆ ದನಿ ಕೊಡುವ ಜರ್ಮನಿಯ ಹಿತ್ತಾಳೆ ಸ್ವರಪಟ್ಟಿ ಬರುವುದು ನಿಂತಿದೆ, ಹೊಸ ಪೇಟಿ ಆಗುವುದಿಲ್ಲ, ಕೊಲ್ಹಾಪುರದ ನಾಟಕದವರು ಹಳೇ ಪೇಟಿಗಳನ್ನೇ ಗಾಡಿ ತುಂಬಿ ರಿಪೇರಿಗೆ ಕಳಿಸುತ್ತಾರೆ, ಸ್ವರಕ್ಕೆ ನಾನು, ಗಾಳಿ ಊದುವ ತಿದಿಗೆ ನಾಮದೇವ, ಹನ್ನೆರಡು ವರ್ಷ ಗಡಹಿಂಗ್ಲಜದ ಇಕ್ಕಟ್ಟು ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು, ಅವನು ಕುರಿತೊಗಲು ಕತ್ತರಿಸಿ ಅಂಟಿಸಿದ ತಿದಿ ಒಂದು ದಿನವೂ ಸೋರಿದ್ದಿಲ್ಲ, ನಾಟಕದವರು ನಮ್ಮಲ್ಲೇ ಇರು ಬಾ ಅಂತ ಎರಡು ಸಲ ಕರೆದರೂ ಕುಂಥಣ್ಣನ್ನ ಬಿಟ್ಟು ಬರಂಗಿಲ್ರಿ ಅಂದನಂತೆ. ಆದರೆ ಈಗ ಅಂಗಡಿ ಕಟ್ಟಲಿರುವ ಇಲ್ಲಿನ ಜಾಗ ನಮ್ಮ ಮನೆಗೆ ಹೊಂದಿದ್ದು, ಜೈನರ ಮನೆ, ತೊಗಲು ಹೊಸ್ತಿಲು ದಾಟಬಾರದು ಅಂದಳು ಅವ್ವ, ತೊಗಲಿನ ಅಂಟು ಕುದಿಯುವ ವಾಸನೆ ಅಡಿಗೆಮನೆಗೆ ಬರಬಾರದು ಅಂದಳು — ಪೇಟಿಯೊಳಗೆ ಸೇರಿದ ಮೇಲೆ ಮಾತ್ರ ಅದು ತೊಗಲಲ್ಲವಂತೆ, ಪೇಟಿಯಂತೆ, ಇರಲಿ — ಆಯಿತು ಅಂದೆ, ಬೇವಿನ ಮರದ ಕೆಳಗೆ ತಗಡಿನ ಚಪ್ಪರ, ಅಲ್ಲಿ ನಾಮದೇವ, ನಡುವಿನ ಗೋಡೆಗೊಂದು ಕಿಟಕಿ, ಅವನು ಅಲ್ಲಿಂದ ತಿದಿ ಕೊಡಲಿ, ನಾನು ಇಲ್ಲಿ ತಗೊಳ್ಳುತ್ತೇನೆ, ಎಷ್ಟು ಸುಲಭ ಅನಿಸಿತ್ತು.

ನಾಮದೇವ ಬಂದ, ಗೆರೆಗುಂಟ ನಿಧಾನ ನಡೆದ, ಒಂದು ಸುತ್ತು, ಇನ್ನೊಂದು ಸುತ್ತು, ನಾ ಒಳಗ ಬರೂ ಬಾಗಲಾ ಎಲ್ಲೈತ್ರಿ ಸಾವಕಾರ್ರ — ಸಾವಕಾರ್ರ ಅಂದ, ಹನ್ನೆರಡು ವರ್ಷ ಅಣ್ಣಾ ಅಂದ ಬಾಯಿ. ಕಿಟಕಿ ಐತಲ್ಲೋ ಅಂದೆ, ಅಂದುಬಿಟ್ಟೆ, ಹೌದ್ರಿ ಅಂದ, ಸಿಟ್ಟಿಲ್ಲ, ಏನಿಲ್ಲ. ಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅವ್ವ, ತೊಗಲಾ ಹೊರಗಿರ್ಲಿ ಅಂದಿದ್ನಿ, ನಾಮದೇವನ್ನ ಹೊರಗಿಡು ಅಂತ ಯಾವಾಗ ಅಂದೆನೋ ಖೋಡಿ — ಅಂದಿಲ್ಲ ಅವ್ವಾ, ನೀನು ಅಂದಿಲ್ಲ, ನನಗೇ ಹೊಳೆಯಲಿಲ್ಲ, ಅಳತೆ ಹಿಡಿದು ಮೂರು ದಿನ ಗೆರೆ ಎಳೆದವನಿಗೆ ಒಂದು ಬಾಗಿಲು ಹೊಳೆಯಲಿಲ್ಲ, ನಾಚಿಕೆಯಾಗುತ್ತದೆ, ಅಳಿಸುತ್ತೇನೆ, ಈಗಲೇ ಅಳಿಸುತ್ತೇನೆ ನಾಮದೇವ. ಅವನು ಚೀಲ ಕಟ್ಟಿ ಮುಗಿಸಿದ್ದಾನೆ, ಹನ್ನೆರಡು ವರ್ಷ ಅವನ ಹತ್ತಿರವೇ ಇದ್ದ ನನ್ನ ಕತ್ತರಿ ಕೈಯಲ್ಲಿದೆ, ಮರಳಿಸಲಿಕ್ಕೆ ಬಂದ, ಗೋಡೆಯೇ ಇಲ್ಲವಲ್ಲೋ, ಬರೀ ಸುಣ್ಣ, ದಾಟಿ ಬಾ — ದಾಟುವುದಿಲ್ಲ, ಸುತ್ತು ಹಾಕಿ ಕಿಟಕಿಯ ಗುರುತಿನ ಎದುರಿಗೆ ನಿಂತ, ಅಲ್ಲಿಂದ ಕೈ ಚಾಚಿದ, ತಗೊಂಡರೆ ಹೋಗುತ್ತಾನೆ, ತಗೊಳ್ಳದಿದ್ದರೆ ಆ ಕೈ, ಅಂಟು ಮೆತ್ತಿದ ಉಗುರುಗಳ ಆ ಕೈ, ಕಟ್ಟದ ಗೋಡೆಯ ಕಿಟಕಿಯೊಳಗಿಂದ ಆ ಕೈ —