ಕಿವಿರಾಯರ ಒಳ್ಳೆಯ ಹೆಸರು

ಜನರೇಟರನ್ನು ಸುಮ್ಮಸುಮ್ಮನೆ ಯಾರೂ ನೆನೆಯುವುದಿಲ್ಲ. ಕಟ್ಟಡದ ಹಿಂದೆ, ಹಳೇ ಕುರ್ಚಿ ಮುರುಕು ಮೇಜುಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂರಿಸಿ ಮರೆತುಬಿಡುತ್ತಾರೆ. ಕರೆಂಟು ಹೋದಾಗ ಮಾತ್ರ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಅದನ್ನು ರಿಪೇರಿ ಮಾಡುವವನ ಪಾಡೂ ಹೆಚ್ಚುಕಡಿಮೆ ಅದೇ. ಆದರೆ ಕಿವಿರಾಯರನ್ನು ಮಾತ್ರ ಜನ ಮರೆತಿರಲಿಲ್ಲ.

ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಓಡುತ್ತಿರುವ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆಮೇಲೆ ಇಂಥ ಸಿಲಿಂಡರಿನಲ್ಲಿ ಇಂಥದ್ದು ಎಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಹಾಗಾಗಿ ಕಿವಿರಾಯ. ದೊಡ್ಡ ಎಂಜಿನ್ನುಗಳ ಸರ್ವಿಸ್ ಕಂಪನಿಯಲ್ಲಿ ಮೂವತ್ತೊಂದು ವರ್ಷ. ಆಸ್ಪತ್ರೆಯ ನೆಲಮಾಳಿಗೆಯಿಂದ ಕಲ್ಲು ಕ್ವಾರಿಯ ಧೂಳಿನವರೆಗೆ, ಪೇಪರ್ ಅಚ್ಚು ಹಾಕುವ ಪ್ರೆಸ್ಸಿನಿಂದ ಗುಡ್ಡದ ಮೇಲಿನ ಮೊಬೈಲ್ ಟವರಿನವರೆಗೆ ಅವರು ಕೈಯಾಡಿಸದ ಎಂಜಿನ್ನಿಲ್ಲ. ಆಸ್ಪತ್ರೆಯವರು ಮೆತ್ತಗೆ ಮಾತಾಡಿ ಗಂಟೆಗಟ್ಟಲೆ ಕಾಯಿಸುತ್ತಾರೆ, ಕ್ವಾರಿಯವರು ಬೈದೇ ಕರೆದರೂ ಊಟ ಹಾಕದೆ ಕಳಿಸುವುದಿಲ್ಲ ಎಂದು ರಾಯರು ನಗುತ್ತಿದ್ದರು. ಹೆಂಡತಿ ಹೋದ ಮೇಲೆ ಅವರ ಮಾತೆಲ್ಲ ಹೀಗೆ ಗಿರಾಕಿಗಳದ್ದೇ ಆಗಿತ್ತು.

ಆ ಗಿರಾಕಿಗಳಲ್ಲಿ ಒಂದು ಹ್ಯಾಚರಿ. ಕೋಳಿಯಿಲ್ಲದೆ ಯಂತ್ರದಲ್ಲೇ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಜಾಗ. ಅಲ್ಲಿ ಸೂಪರ್‌ವೈಸರ್ ಆಗಿದ್ದವನು ಅವರ ಒಬ್ಬಳೇ ಮಗಳ ಗಂಡ. ಕೆಲಸದ ಜೊತೆಗೆ ಕಾಂಪೌಂಡಿನೊಳಗೇ ಎರಡು ಕೋಣೆಯ ಕ್ವಾರ್ಟರ್ಸೂ ಇತ್ತು. ಹ್ಯಾಚರಿಗೆ ಹೋದ ದಿನ ರಾಯರಿಗೆ ಮಗಳ ಕೈಯ ಊಟ ಖಾಯಂ. ಅಳಿಯ ಒಳ್ಳೆಯವನು, ಸ್ವಲ್ಪ ಪುಕ್ಕಲ. ಮಾವನೆಂದರೆ ದೇವರ ಮುಂದೆ ನಿಂತಂತೆ ನಿಲ್ಲುತ್ತಿದ್ದ. ರಾಯರಿಗೆ ಅದು ಒಳಗೊಳಗೇ ಖುಷಿ, ಯಾಕೆ ಸುಳ್ಳು ಹೇಳಬೇಕು.

ಸರ್ವಿಸ್ ಮುಗಿಸಿ ಹೊರಡುವ ಮುಂಚೆ ರಾಯರದು ಒಂದು ಪದ್ಧತಿ. ಮೂರು ಜಾಗ ಮುಟ್ಟಿ ನೋಡಬೇಕು. ಡೀಸೆಲ್ ಬರುವ ನಲ್ಲಿ, ಬ್ಯಾಟರಿಯ ತಂತಿ, ಕಡೆಗೆ ಪ್ಯಾನಲ್ಲಿನ ಸ್ವಿಚ್ಚು. ಈ ಸ್ವಿಚ್ಚನ್ನು ಆಟೋಗೆ ತಿರುಗಿಸಿಟ್ಟರೆ ಕರೆಂಟು ಹೋದ ಹತ್ತು ಸೆಕೆಂಡಿಗೆ ಎಂಜಿನ್ ತಾನಾಗಿ ಎದ್ದು ಕೂರುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಬಿಟ್ಟರೆ ಯಾರಾದರೂ ಬಂದು ಬಟನ್ ಒತ್ತುವವರೆಗೆ ಅಲ್ಲಾಡುವುದಿಲ್ಲ. ರಿಪೇರಿ ಮಾಡುವಾಗ ಮ್ಯಾನ್ಯುಯಲ್ಲಿಗೆ ಹಾಕಲೇಬೇಕು. ಇಲ್ಲದಿದ್ದರೆ ಕೈ ಒಳಗಿರುವಾಗಲೇ ಎಂಜಿನ್ ಶುರುವಾಗಿ ಬೆರಳುಗಳು ಹೋಗುತ್ತವೆ. ಹೊರಡುವಾಗ ಮರೆಯದೆ ಆಟೋಗೆ ತರಬೇಕು. ತಂದದ್ದನ್ನು ಗಿರಾಕಿಯ ಕಡೆಯವರು ಕಣ್ಣಾರೆ ನೋಡಿ, 'ಸ್ವಿಚ್ಚು ಆಟೋದಲ್ಲಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು.

ಆ ಸೋಮವಾರ ರಾಯರು ನಲ್ಲಿ ಮುಟ್ಟಿದರು. ತಂತಿ ಮುಟ್ಟಿದರು. ಅಷ್ಟರಲ್ಲಿ ಐಸ್ ಫ್ಯಾಕ್ಟರಿಯಿಂದ ಫೋನು. ಎಂಜಿನ್ ನಿಂತಿದೆ, ಲೋಡುಗಟ್ಟಲೆ ಮೀನು ಬಿಸಿಲಲ್ಲಿ ಕೂತಿದೆ, ಈಗಲೇ ಬನ್ನಿ. ಅಳಿಯ ಬಾಗಿಲಲ್ಲೇ ನಿಂತಿದ್ದ. ರಾಯರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಹಾಳೆ ಚಾಚಿದರು.

"ನೋಡಿ ಸಹಿ ಹಾಕಪ್ಪ."

"ನೀವು ಮಾಡಿದ್ದನ್ನ ನಾನೇನು ನೋಡೋದು ಮಾವ," ಎಂದು ಅಳಿಯ ನಗುತ್ತ ಸಹಿ ಹಾಕಿದ. ಬೇರೆ ಯಾರಾದರೂ ಹಾಗೆ ಹಾಕಿದ್ದರೆ ರಾಯರು ಗದರಿಸಿ ಒಳಗೆ ಕರೆದೊಯ್ದು ತೋರಿಸುತ್ತಿದ್ದರು. ಅಳಿಯನ ಮಾತು ಹಿತವಾಗಿ ಕೇಳಿಸಿತು. ಊಟಕ್ಕೂ ನಿಲ್ಲದೆ ಗಾಡಿ ಹತ್ತಿದರು.

ಮಾರನೆಯ ದಿನ ಮಧ್ಯಾಹ್ನ ಒಂದೂವರೆಗೆ ಇಡೀ ಆ ಭಾಗಕ್ಕೆ ಕರೆಂಟು ಹೋಯಿತು. ಅಳಿಯ ಮರಿಗಳ ಲಸಿಕೆ ತರಲು ಪೇಟೆಗೆ ಹೋಗಿದ್ದ. ಶೆಡ್ಡಿನ ಬೀಗದ ಕೈ ಇದ್ದದ್ದು ಅವನ ಜೇಬಿನಲ್ಲಿ. ಟ್ರೇ ಜೋಡಿಸುವ ಹೆಂಗಸರು ಕಿಟಕಿಯಿಲ್ಲದ ಕೋಣೆಯ ಕತ್ತಲಲ್ಲಿ ನಿಂತು ಕಾದರು. ಐದು ನಿಮಿಷವಾದರೂ ಎಂಜಿನ್ನಿನ ಸದ್ದಿಲ್ಲ. ಅವನಿಗೆ ಫೋನು ಮಾಡಿದರು.

"ನಿನ್ನೆ ತಾನೇ ಮಾವ ಸರ್ವಿಸ್ ಮಾಡಿದ್ದಾರೆ, ತಾನಾಗೇ ಶುರುವಾಗುತ್ತೆ, ಸ್ವಲ್ಪ ನೋಡಿ," ಎಂದ ಅವನು. ಎರಡನೇ ಸಲ ಫೋನು ಬಂದಾಗ ಎದ್ದುಬಿದ್ದು ಹೊರಟ. ಬಂದು ಬೀಗ ತೆಗೆದು ಬಟನ್ ಒತ್ತಿದ. ಒಂದೇ ಒತ್ತಿಗೆ ಎಂಜಿನ್ ಶುರುವಾಯಿತು. ಅಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು.

ಇಪ್ಪತ್ತನೇ ದಿನದ ಮೊಟ್ಟೆ ಎಂದರೆ ಒಳಗೆ ಪೂರ್ತಿ ಮರಿ. ಅದಕ್ಕೆ ಅದರದೇ ಮೈಬಿಸಿ. ಫ್ಯಾನು ನಿಂತು ಗಾಳಿಯಾಡದಿದ್ದರೆ ಆ ಬಿಸಿಯೇ ಅದನ್ನು ಕೊಲ್ಲುತ್ತದೆ. ಅಂಥ ಹದಿನೆಂಟು ಸಾವಿರ ಮೊಟ್ಟೆ ಆ ದಿನ ಒಳಗಿದ್ದವು. ಎಷ್ಟೋ ಮರಿಗಳು ಚಿಪ್ಪು ಒಡೆದು ಕೊಕ್ಕು ಹೊರಗಿಟ್ಟಿದ್ದವು, ಅಲ್ಲಿಗೇ ನಿಂತಿದ್ದವು. ರಾಯರು ಸುದ್ದಿ ಕೇಳಿ ಓಡಿಬಂದಾಗ ಹೆಂಗಸರಲ್ಲಿ ಒಬ್ಬಳು ಟ್ರೇಯ ಮುಂದೆ ಕೂತು ಒಂದೊಂದನ್ನೇ ಕಿವಿಯ ಬಳಿ ಹಿಡಿದು ನೋಡುತ್ತಿದ್ದಳು. ಯಾವಾಗಲೂ ಚಿಲಿಪಿಲಿ ಎಂದು ತಲೆ ತಿನ್ನುತ್ತಿದ್ದ ಆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಶೆಡ್ಡಿನ ಬಾಗಿಲು ತೆರೆದೇ ಇತ್ತು, ರಾಯರು ಒಳಗೆ ಹೋದರು. ಅಳಿಯ ಯಂತ್ರಗಳ ನಡುವೆ ಅತ್ತಿಂದಿತ್ತ ಓಡುತ್ತಿದ್ದ, ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಸ್ವಿಚ್ಚಿನ ಮೂತಿ ಮ್ಯಾನ್ಯುಯಲ್ ಕಡೆಗಿತ್ತು. ಅವರಿಗೆ ಎರಡು ಮುಟ್ಟಿದ್ದು ನೆನಪಿತ್ತು, ಮೂರನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಆಗ ಅವರು ಏನು ಮಾಡಿದರೆಂದು ನೆಟ್ಟಗೆ ಹೇಳಿಬಿಡುತ್ತೇನೆ. ಕೈ ಚಾಚಿ, ಸ್ವಿಚ್ಚನ್ನು ಆಟೋಗೆ ತಿರುಗಿಸಿದರು. ಯೋಚಿಸಿ ಮಾಡಿದ್ದಲ್ಲ, ಯೋಚಿಸದೆ ಮಾಡಿದ್ದೂ ಅಲ್ಲ.

ಸಂಜೆಗೆ ಮಾಲೀಕರು ಬಂದರು. ಇಪ್ಪತ್ತು ವರ್ಷದಿಂದ ಹ್ಯಾಚರಿ ನಡೆಸಿಕೊಂಡು ಬಂದವರು, ಎಂಜಿನ್ನಿನ ವಿಷಯ ಅವರಿಗೂ ಗೊತ್ತು. ತಾವೇ ಮೇನ್ ಆಫ್ ಮಾಡಿ ನೋಡಿದರು. ಹತ್ತೇ ಸೆಕೆಂಡಿಗೆ ಎಂಜಿನ್ ತಾನಾಗಿ ಶುರುವಾಯಿತು. ಆಮೇಲೆ ಸರ್ವಿಸ್ ಹಾಳೆ ತರಿಸಿ ಸಹಿ ನೋಡಿದರು. ಅಳಿಯನನ್ನು ಕೇಳಿದರು.

"ನೀನು ಬಂದು ಬಟನ್ ಒತ್ತಿದಾಗ ಶುರುವಾಯ್ತಾ?"

"ಆಯ್ತು ಸಾರ್."

"ಆಟೋದಲ್ಲಿದ್ರೆ ಬಟನ್ ಕೆಲಸ ಮಾಡಲ್ಲ. ಅಂದ್ರೆ ಮ್ಯಾನ್ಯುಯಲ್ಲಲ್ಲಿತ್ತು. ಈಗ ನೋಡಿದ್ರೆ ಆಟೋದಲ್ಲಿದೆ. ಬೀಗದ ಕೈ ಇರೋದು ನಿನ್ನ ಹತ್ರ. ನಾನೇನು ಅಂದ್ಕೋಬೇಕು ಹೇಳು."

ದಿನಾ ಸಂಜೆ ಪ್ಯಾನಲ್ಲನ್ನು ಬಟ್ಟೆಯಿಂದ ಒರೆಸುವುದು ಅಳಿಯನ ಅಭ್ಯಾಸ, ಸೋಮವಾರ ಸಂಜೆಯೂ ಒರೆಸಿದ್ದ. "ಒರೆಸುವಾಗ ಕೈ ತಾಗಿ ತಿರುಗಿತೋ ಏನೋ ಸಾರ್," ಎಂದ. "ಆದ್ರೆ ಆಮೇಲೆ ನಾನು ಆಟೋಗೆ ಹಾಕಿದ ನೆನಪಿಲ್ಲ."

"ಮರೆವಾದ್ರೆ ಬಿಟ್ಬಿಡ್ತಿದ್ದೆ," ಎಂದರು ಮಾಲೀಕರು. "ತಿರುಗಿಸಿಟ್ಟು ಮುಚ್ಚಿಹಾಕೋಕೆ ನೋಡಿದೆಯಲ್ಲ, ಅದು ಬೇರೆ."

ರಾಯರು ಮೂರು ಮಾರು ದೂರದಲ್ಲಿ ನಿಂತಿದ್ದರು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವರು ತೆರೆಯಲಿಲ್ಲ. ಬೈದು ಬಿಟ್ಟುಬಿಡುತ್ತಾರೆ, ಒಳ್ಳೆಯ ಕೆಲಸಗಾರನನ್ನು ಯಾರು ಕಳೆದುಕೊಳ್ಳುತ್ತಾರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬುಧವಾರ ಹಾಗೇ ಕಳೆಯಿತು. ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ ಟ್ರೇಗಳನ್ನು ಖಾಲಿ ಮಾಡಿದರಂತೆ, ಮಗಳು ಫೋನಿನಲ್ಲಿ ಹೇಳಿದಳು. ಗುರುವಾರವೂ ಕಳೆಯಿತು. ರಾಯರು ಪ್ರೆಸ್ಸಿಗೆ ಹೋದರು, ಟವರಿಗೆ ಹೋದರು, ಪ್ರತಿ ಸ್ವಿಚ್ಚನ್ನೂ ನಾಲ್ಕು ನಾಲ್ಕು ಸಲ ಮುಟ್ಟಿದರು. ಶುಕ್ರವಾರ ಬೆಳಿಗ್ಗೆ ಮಗಳ ಫೋನು ಬಂತು. ಗಂಡನನ್ನು ಕೆಲಸದಿಂದ ತೆಗೆದಿದ್ದಾರೆ, ಭಾನುವಾರದೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಬೇರೆ ಹ್ಯಾಚರಿಗಳಿಗೂ ಸುದ್ದಿ ಹೋಗಿದೆ, ಎಲ್ಲೂ ಸೇರಿಸಿಕೊಳ್ಳುವುದಿಲ್ಲ.

ರಾಯರು ಸ್ನಾನವನ್ನೂ ಮಾಡದೆ ಮಾಲೀಕರ ಆಫೀಸಿಗೆ ಹೋಗಿ ನಿಂತರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಲ್ಲಿ, ತಂತಿ, ಐಸ್ ಫ್ಯಾಕ್ಟರಿಯ ಫೋನು, ನೋಡದೆ ಹಾಕಿಸಿಕೊಂಡ ಸಹಿ, ಮಂಗಳವಾರ ತಾವೇ ಸ್ವಿಚ್ಚು ತಿರುಗಿಸಿದ್ದು, ಒಂದನ್ನೂ ಬಿಡದೆ ಹೇಳಿದರು.

ಮಾಲೀಕರು ಪೂರ್ತಿ ಕೇಳಿದರು. ಎದ್ದು ಬಂದು ಅವರ ಭುಜದ ಮೇಲೆ ಕೈಯಿಟ್ಟರು.

"ರಾಯರೇ, ನಿಮ್ಮನ್ನ ನಾನು ಇವತ್ತು ನೋಡ್ತಿದ್ದೀನಾ? ಇಪ್ಪತ್ತು ವರ್ಷದಲ್ಲಿ ಒಂದು ನಟ್ಟು ಸಡಿಲ ಬಿಟ್ಟವರಲ್ಲ ನೀವು. ಸ್ವಿಚ್ಚು ಮರೀತೀರಾ?"

"ಮರೆತೆ ಸಾರ್. ಆಣೆ ಮಾಡಿ ಹೇಳ್ತೀನಿ."

"ಮಂಗಳವಾರ ಇಲ್ಲೇ ಇದ್ರಿ, ನಾನು ಅವನನ್ನ ಬೈಯೋವಾಗ ಪಕ್ಕದಲ್ಲೇ ನಿಂತಿದ್ರಿ. ನಿಜವಾಗಿದ್ರೆ ಆವತ್ತೇ ಹೇಳ್ತಿದ್ರಿ, ನೀವು ಅಂಥ ಮನುಷ್ಯ. ಕೆಲಸ ಹೋಯ್ತು ಅಂತ ಗೊತ್ತಾದ ಮೇಲೆ ಬಂದಿದ್ದೀರಿ. ಹೆಣ್ಣು ಕೊಟ್ಟ ಜೀವ, ಅರ್ಥ ಆಗುತ್ತೆ."

"ಹೆದರಿದ್ದೆ ಸಾರ್, ಅದಕ್ಕೇ ಹೇಳಲಿಲ್ಲ."

"ನೀವು ಹೆದರೋದಾ?" ಮಾಲೀಕರು ಬೇಸರದಿಂದಲೇ ನಕ್ಕರು. "ಈ ಮಾತು ನಿಮ್ಮ ಕಂಪನಿಗೆ ನಾನು ಹೇಳಲ್ಲ. ಮನೆಗೆ ಹೋಗಿ. ಮುಂದಿನ ತಿಂಗಳ ಸರ್ವಿಸ್ಸಿಗೆ ನೀವೇ ಬರಬೇಕು, ಬೇರೆ ಯಾರನ್ನೂ ಕಳಿಸಬೇಡಿ."

ಮೂವತ್ತೊಂದು ವರ್ಷ ಬೆವರು ಸುರಿಸಿ ಗಳಿಸಿದ ಒಳ್ಳೆಯ ಹೆಸರು. ಒಂದೇ ಒಂದು ದಿನ ಅದನ್ನು ಇಳಿಸಿಡಲು ನೋಡಿದರೂ ಆಗಲಿಲ್ಲ. ರಾಯರು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದರು.

ಭಾನುವಾರ ಕ್ವಾರ್ಟರ್ಸಿನ ಮುಂದೆ ಸಣ್ಣ ಟೆಂಪೊ ನಿಂತಿತ್ತು. ಮಗಳು ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಅಳಿಯ ಐದು ದಿನದಲ್ಲೇ ಇಳಿದುಹೋಗಿದ್ದ. ಗಡ್ಡ ಬಿಟ್ಟಿದ್ದ, ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹಾಕಿಕೊಂಡಿದ್ದ. ಮಾವನೂ ಅಳಿಯನೂ ಬೀರುವಿನ ಎರಡು ತುದಿ ಹಿಡಿದು ಎತ್ತಿದರು. ಬಾಗಿಲು ದಾಟುವ ಮುಂಚೆ ರಾಯರು ನಿಂತುಬಿಟ್ಟರು.

"ಇಳಿಸಪ್ಪ. ನಿನ್ನ ಹತ್ರ ಒಂದು ಮಾತು ಹೇಳ್ಬೇಕು."

ಇಳಿಸಿದರು. ರಾಯರು ಮಾಲೀಕರಿಗೆ ಹೇಳಿದ್ದೆಲ್ಲವನ್ನೂ ಮತ್ತೆ ಹೇಳಿದರು. ಮಾತು ಹೊರಬಂದರೆ ಸಾಕಾಗಿತ್ತು. ಅಳಿಯ ತಲೆ ತಗ್ಗಿಸಿ ಕೇಳಿದ.

"ಮಾಲೀಕರು ನಿನ್ನೆ ಹೇಳಿದ್ರು ಮಾವ, ನೀವು ಹೋಗಿದ್ದು. ನನಗೋಸ್ಕರ ನೀವು ಅಷ್ಟು ಕೆಳಗೆ ಇಳೀಬಾರದಿತ್ತು. ತಪ್ಪು ನಂದೇ. ಕಣ್ಣು ಮುಚ್ಚಿದ್ರೆ ಕಾಣುತ್ತೆ, ಒರೆಸೋ ಬಟ್ಟೆ ಸ್ವಿಚ್ಚಿಗೆ ಸಿಕ್ಕಿಕೊಂಡಿದ್ದು, ನಾನು ಎಳೆದಿದ್ದು. ಆಮೇಲೆ ನಾನೇ ಆಟೋಗೆ ಹಾಕಿರ್ತೀನಿ. ಗಾಬರಿಯಲ್ಲಿ ನೆನಪಿಲ್ಲ ಅಷ್ಟೆ."

"ನೀನು ಮುಟ್ಟೇ ಇಲ್ಲ ಕಣಯ್ಯ."

"ಮುಟ್ಟಿದೀನಿ ಮಾವ. ಈಗ ಚೆನ್ನಾಗಿ ನೆನಪಿದೆ."

ಇಲ್ಲದ ನೆನಪೊಂದನ್ನು ಈ ಐದು ದಿನದಲ್ಲಿ ಇವನು ತಾನೇ ಕಟ್ಟಿಕೊಂಡಿದ್ದ. ರಾಯರು ಅವನ ಎರಡೂ ಕೈ ಹಿಡಿದು ಮತ್ತೆ ಶುರುಮಾಡಿದರು. ಅಷ್ಟರಲ್ಲಿ ಮಗಳು ಗಂಟನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಅಪ್ಪನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

"ನೋಡಿ, ನಮ್ಮಪ್ಪ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ. ಈ ವಯಸ್ಸಲ್ಲಿ ಕಂಡವರ ಮುಂದೆಲ್ಲ ನಿಂತು ಸುಳ್ಳು ಹೇಳೋ ಹಾಗೆ ಮಾಡಿದ್ರಿ. ಇದನ್ನ ಮಾತ್ರ ನಾನು ಮರೆಯಲ್ಲ."

ಅಳಿಯ ಬಗ್ಗಿ ಬೀರುವಿನ ತನ್ನ ತುದಿ ಹಿಡಿದು, ಮಾವ ಎತ್ತುವುದನ್ನೇ ಕಾಯುತ್ತ ನಿಂತ.